ಒರಳಿನಲ್ಲಿ ಕುಟ್ಟಿದ ಖೀಮಾ

ಸಿರುಗುಪ್ಪ
18-10-1973

ಅಕ್ಕ ಪಕ್ಕೀರಮ್ಮನಿಗೆ,

ಕ್ಷೇಮ ಅಂತ ಮೊದಲು ಬರೆಯಬೇಕಂತೆ, ಬರೆದೆ. ಈಗ ಜಗಳಕ್ಕೆ ಬರುತ್ತೇನೆ.

ಎಲ್ಲಮ್ಮ ದಸರಾ ರಜೆಗೆ ಬಂದು ಹೋದಳಲ್ಲ, ಅವಳನ್ನು ಬಳ್ಳಾರಿ ಬಸ್ಸು ಹತ್ತಿಸಿ ಬಂದ ಮೇಲೆ ನನಗೆ ಅನ್ನ ಸೇರುತ್ತಿಲ್ಲ. ಹೆತ್ತವಳು ನಾನು, ಅವಳಿರುವುದು ನಿನ್ನ ಮನೆಯಲ್ಲಿ. ನಾಲ್ಕು ವರ್ಷದ ಹಿಂದೆ ಸಣ್ಣವನನ್ನು ಹೆತ್ತು ನಾನು ಜ್ವರದಲ್ಲಿ ಬಿದ್ದಿದ್ದಾಗ "ನಾಕು ದಿನ ನನ್ನ ಹತ್ರ ಇರ್ಲಿ ಬಿಡಬೇ" ಅಂತ ಕರೆದುಕೊಂಡು ಹೋದೆ. ಆಗ ನನಗೆ ಉಪಕಾರವೇ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಹಬ್ಬದ ಮರುದಿನ ಕೋಳಿ ಕೊಯ್ಸಿ ಸಾರು ಮಾಡಿ, ಬಿಸಿ ಅನ್ನದ ಮೇಲೆ ಹಾಕಿ ಕೊಟ್ಟೆ. ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು. ಯಾಕಬೇ ಅಂದರೆ, "ಅವ್ವಾ, ನಿಂಗ ಖೀಮಾ ಮಾಡಾಕ ಬರಂಗಿಲ್ಲೇನು? ದೊಡ್ಡವ್ವ ಐತ್ವಾರಕ್ಕೊಮ್ಮಿ ಆಲೂಗಡ್ಡಿ ಹಾಕಿ ಮಾಡ್ತಾಳ. ಬಾಂಡ್ಲಿ ತಳದಾಗ ಕೆರದಿದ್ದು ನಂಗ ಕೊಡ್ತಾಳ" ಅಂದಳು. ಹೇಳುವಾಗ ಅವಳ ಮುಖ ಎಷ್ಟು ಅರಳಿತು ಅಂತೀ! ನನ್ನ ಹೊಟ್ಟೆಗೆ ಬೆಂಕಿ ಬಿತ್ತು ಅಕ್ಕಾ. ಸುಳ್ಳು ಯಾಕೆ ಹೇಳಲಿ.

ಕುರುಗೋಡಿನಲ್ಲಿ ನಮ್ಮವ್ವ ಸತ್ತಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಅವಳ ಕೈರುಚಿಯೆಲ್ಲ ನಿನಗೆ ಹೋಯಿತು, ನನಗೆ ಬಂದದ್ದು ಅವಳ ಮೊಂಡು ಮೂಗು ಒಂದೇ. ಈಗ ನನ್ನ ಮಗಳ ನಾಲಿಗೆಯೂ ನಿನ್ನದಾಯಿತು.

ಆ ಖೀಮಾ ಹೇಗೆ ಮಾಡುತ್ತೀ, ಬರೆದು ಕಳಿಸು. ಬರುವ ಬೇಸಿಗೆಗೆ ಅವಳ ಮೂರನೇ ಕ್ಲಾಸು ಮುಗಿಯುತ್ತದೆ. ಆಮೇಲೆ ಅವಳು ಸಿರುಗುಪ್ಪದಲ್ಲೇ ಸಾಲಿಗೆ ಹೋಗುತ್ತಾಳೆ. ಇದನ್ನು ನಾನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ.

ನಿನ್ನ ತಂಗಿ,
ಉಚ್ಚೆಂಗೆಮ್ಮ


ಬಳ್ಳಾರಿ
29-10-1973

ತಂಗಿ ಉಚ್ಚೆಂಗಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದವನ್ನು ನಮ್ಮ ಮನೆಯವರು, ನಿಮ್ಮ ಮಾವನೇ, ಜೋರಾಗಿ ಓದಿ, ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ.

ಖೀಮಾ ಏನು ಮಹಾ ವಿದ್ಯೆ ಅಂತ ಕೇಳುತ್ತೀಯೋ! ಅದು ಅವ್ವನ ಅಡುಗೆಯಲ್ಲ, ಅವಳನ್ನು ಸುಮ್ಮನೆ ಎಳೆದು ತರಬೇಡ. ಮದುವೆಯಾಗಿ ಬಂದ ಹೊಸದರಲ್ಲಿ ಕೌಲ್‌ಬಜಾರಿನ ಒಬ್ಬ ಬೀಬಿ ತೋರಿಸಿಕೊಟ್ಟಳು. ಅರ್ಧ ಕೇಜಿ ಖೀಮಾ, ಅಂದರೆ ಕೊಚ್ಚಿದ ಮಾಂಸ, ತರಿಸು. ಆಲೂಗಡ್ಡೆಯ ಸಿಪ್ಪೆ ತೆಗೆದು ಪಗಡೆಕಾಯಿಯಷ್ಟು ಸಣ್ಣಗೆ ಹೆಚ್ಚು. ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ ಮೊದಲು ಆಲೂಗಡ್ಡೆ ಕೆಂಪಗೆ ಹುರಿದು ತೆಗೆದಿಡು. ಅದೇ ಎಣ್ಣೆಗೆ ಉಳ್ಳಾಗಡ್ಡಿ, ಹಸಿಶುಂಠಿ, ಬೆಳ್ಳುಳ್ಳಿ, ಎರಡು ಲವಂಗ. ಆಮೇಲೆ ಖೀಮಾ ಹಾಕಿ ಅದರ ನೀರು ಆರುವ ತನಕ ಬಾಡಿಸು. ಅರಿಷಿಣ, ಖಾರಪುಡಿ, ಉಪ್ಪು, ಅರೆದ ಒಣಕೊಬ್ಬರಿ ಹಾಕಿ ಒಂದು ಬಟ್ಟಲು ನೀರು ಬಿಟ್ಟು ಮುಚ್ಚು. ಬೆಂದಿತು ಅಂದ ಮೇಲೆ ಆಲೂಗಡ್ಡೆ ಸೇರಿಸಿ, ಒಲೆಯ ಕಟ್ಟಿಗೆ ಹಿಂದಕ್ಕೆಳೆದು, ಬರೀ ಕೆಂಡದ ಮೇಲೆ ಬಿಡು. ಕೈಯಾಡಿಸಬೇಡ. ತಳ ಹಿಡಿಯಬೇಕು. ಹೊತ್ತಬಾರದು. ಜೋಳದ ರೊಟ್ಟಿಯ ಜೊತೆ ಕೊಡು, ನಿಮ್ಮೂರಿನ ಅನ್ನದ ಜೊತೆಯಲ್ಲ.

ನೋಡು, ಏನೂ ಮುಚ್ಚಿಟ್ಟಿಲ್ಲ. ಆದರೆ ನೀನು ತಿಳಿಸಿದ್ದಕ್ಕೆ ನಾನೂ ಒಂದು ತಿಳಿಸುತ್ತೇನೆ. ಹುಡುಗಿ ಕುರಿಮರಿಯಲ್ಲ, ಹಗ್ಗ ಬಿಚ್ಚಿ ಈ ಗೂಟದಿಂದ ಆ ಗೂಟಕ್ಕೆ ಕಟ್ಟುವುದಕ್ಕೆ. ಬೇಸಿಗೆಗೆ ಕಳಿಸುತ್ತೇನೆ. "ಅವ್ವನ ಹತ್ರ ಇರ್ತೀನಿ" ಅಂತ ಅವಳ ಬಾಯಲ್ಲೇ ಬಂದರೆ ನಾನು ತುಟಿ ಪಿಟಕ್ಕೆನ್ನುವುದಿಲ್ಲ. ಬರದಿದ್ದರೆ ನೀನು ಸುಮ್ಮನಿರಬೇಕು. ನಿಮ್ಮ ಮಾವನ ಮುಂದೆ ಆಡಿದ ಮಾತು ಇದು.

ನಿನ್ನ ಅಕ್ಕ,
ಪಕ್ಕೀರಮ್ಮ


ಸಿರುಗುಪ್ಪ
20-11-1973

ಅಕ್ಕನಿಗೆ,

ಒಪ್ಪಿದೆ. ಅವಳ ಬಾಯಲ್ಲೇ ಬರಲಿ.

ನೀನು ಬರೆದ ಹಾಗೇ ಮಾಡಿದೆ, ಕೆಟ್ಟಿತು. ನನ್ನ ಮನೆಯ ಪಾಡು ನಿನಗೆ ಗೊತ್ತೇ ಇದೆ. ನಮ್ಮತ್ತೆ ಹೊನ್ನೂರಮ್ಮ ಗುರುಗಳಿಂದ ಬೋಧೆ ತಗೊಂಡು, ಕೊರಳಿಗೆ ಮಣಿ ಕಟ್ಟಿಸಿಕೊಂಡು ಮಾಂಸ ಬಿಟ್ಟ ಮೇಲೆ ಒಳಗಿನ ಒಲೆಗೆ ಮಾಂಸ ಏರುವಂತಿಲ್ಲ. ತಿನ್ನುವವರು ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಬೇರೆ ಪಾತ್ರೆಯಲ್ಲಿ ಬೇಯಿಸಿ, ಅಲ್ಲೇ ಉಂಡು, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. ಬಿಸಿಲಲ್ಲಿ ಕೂತು ಊದುಗೊಳವೆ ಊದಿ ಊದಿ ನನ್ನ ಕಣ್ಣು ಹೋದವು. ಅತ್ತೆ ಬಾಗಿಲಲ್ಲಿ ನಿಂತು, "ಮನ್ಯಾಗ ಕುಂತು ಉಣ್ಣಾಕ ಬ್ಯಾಳಿ ಇಲ್ಲೇನಬೇ?" ಅಂತ ಮೂಗು ಮುರಿದಳು.

ನಮ್ಮ ಕಟುಗನ ಹತ್ತಿರ ಖೀಮಾ ಕೇಳಿದರೆ ನನ್ನ ಮುಖ ನೋಡಿದ. "ಅದೆಲ್ಲಾ ಬಳ್ಳಾರ್ಯಾಗವ್ವಾ. ಇಲ್ಲಿ ಮಾಂಸ ಪಾಲು ಹಾಕಿಟ್ಟೀನಿ, ಬೇಕಾದ್ರ ತಗೊಂಡು ಹೋಗು" ಅಂದ. ತಂದು ಈಳಿಗೆಯಲ್ಲಿ ಕೊಯ್ದೆ. ಎಷ್ಟು ಕೊಯ್ದರೂ ತುಂಡು ತುಂಡೇ. ಇವರು ತಿಂದು, "ಮಾಂಸದ ಪಲ್ಯ ಚೊಲೊ ಐತಿ" ಅಂದರು. ಪಲ್ಯವಂತೆ!

ಅಕ್ಕಾ, ನೀನು ಏನೋ ಒಂದು ಬಿಟ್ಟು ಬರೆದಿದ್ದೀ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ.

ಉಚ್ಚೆಂಗೆಮ್ಮ


ಬಳ್ಳಾರಿ
2-12-1973

ತಂಗಿಗೆ ಆಶೀರ್ವಾದ.

ನಿನ್ನ ತಲೆಯ ಮೇಲೆ ಕೈಯಿಟ್ಟು ಹೇಳುತ್ತೇನೆ, ಏನೂ ಬಿಟ್ಟಿಲ್ಲ. ತಪ್ಪು ಆಗಿದ್ದು ಖೀಮಾದಲ್ಲಿ. ನಾನು ತರುವ ಬ್ರೂಸ್‌ಪೇಟೆ ಅಂಗಡಿಯವನು ಹುಣಸೆ ಕೊರಡಿನ ಮೇಲೆ ಎರಡು ಕೈಯಲ್ಲಿ ಎರಡು ಕತ್ತಿ ಹಿಡಿದು ಹೊಡೆಯುತ್ತಾನೆ. ರವೆಯ ಹಾಗೆ ಆಗಬೇಕು. ಎಳೆ ಸಿಗಬಾರದು. ಎಳೆ ಸಿಕ್ಕರೆ ಎಲ್ಲಮ್ಮ ಉಗುಳುತ್ತಾಳೆ. ಇದು ನಿನಗೆ ಹೇಗೆ ಗೊತ್ತಿರಬೇಕು? ಅವಳ ಹಾಲುಹಲ್ಲು ಬಿದ್ದದ್ದೆಲ್ಲ ನನ್ನ ಮನೆಯಲ್ಲಿ.

ಸಂಕ್ರಾಂತಿಗೆ ಅವಳನ್ನು ಕಳಿಸಲು ಆಗುವುದಿಲ್ಲ. ಹುಡುಗಿಗೆ ಕೆಮ್ಮು. ಚಳಿಯಲ್ಲಿ ಬಸ್ಸು ಬೇಡ.

ಪಕ್ಕೀರಮ್ಮ


ಸಿರುಗುಪ್ಪ
19-1-1974

ಅಕ್ಕಾ,

ಕೆಮ್ಮಂತೆ, ಕೆಮ್ಮು! ಇವರ ಮಿಲ್ಲಿನ ಗಾದೆಪ್ಪ ಸಂಕ್ರಾಂತಿಯ ದಿನ ನಿಮ್ಮ ಬಳ್ಳಾರಿ ಹತ್ತಿರದ ಸಂಗನಕಲ್ಲಿಗೆ ಹೋಗಿದ್ದ. ನನ್ನ ಮಗಳು ಕಬ್ಬು ಹಿಡಿದುಕೊಂಡು ಗುಡ್ಡ ಹತ್ತಿ ಓಡುತ್ತಿದ್ದಳಂತೆ. ನೀನು ಬಂಡೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತು, "ಬಾರಬೇ ನನ್ನವ್ವಾ, ಉಣ್ಣು ಬಾ" ಅಂತ ಕರೆಯುತ್ತಿದ್ದೆಯಂತೆ. ಅವಳು ಓಡಿ ಬಂದು ನಿನ್ನ ಕೊರಳಿಗೆ ಜೋತುಬಿದ್ದಳಂತೆ. ಎಲ್ಲ ಹೇಳಿದ. ನಾನೇ ಕೇಳಿ ಕೇಳಿ ಹೇಳಿಸಿದೆ.

ಆ ದಿನ ನಾನು ಹೊತ್ತು ಮುಳುಗುವ ತನಕ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಕೆಮ್ಮು ವಾಸಿಯಾಗಿ ಮಾವ ಕರೆತಂದರೂ ತರಬಹುದು ಅಂತ. ನಿನಗೆ ಇದು ಗೊತ್ತಾಗಲಿ ಅಂತಲೇ ಬರೆಯುತ್ತಿದ್ದೇನೆ.

ಇನ್ನು ಬೇಸಿಗೆಯವರೆಗೆ ನಿನ್ನ ಜೊತೆ ಮಾತಿಲ್ಲ.

ಉಚ್ಚೆಂಗೆಮ್ಮ


ಬಳ್ಳಾರಿ
26-4-1974

ತಂಗಿ ಉಚ್ಚೆಂಗಿಗೆ,

ಹುಡುಗಿಯನ್ನು ನಿಮ್ಮ ಮಾವನ ಜೊತೆ ಕಳಿಸಿದ್ದೇನೆ. ಕಾಗದವೂ ಅವರ ಕೈಯಲ್ಲೇ. ಸಂಕ್ರಾಂತಿಯ ಮಾತು ಎತ್ತಬೇಡ.

ಬಟ್ಟೆಯ ಗಂಟಿನಲ್ಲಿ ಎರಡು ಹೊಸ ಲಂಗ ಇವೆ. ತಲೆಗೆ ದಿನ ಬಿಟ್ಟು ದಿನ ಎಣ್ಣೆ ಹಾಕು. ಬೆಳಗ್ಗೆ ಎದ್ದ ಕೂಡಲೇ ಮಾತಾಡಿಸಬೇಡ, ಸಿಟ್ಟು ಮಾಡುತ್ತಾಳೆ. ಖೀಮಾ ಮಾಡುವುದಾದರೆ ಮಾಡು, ಆದರೆ ಎಳೆ ಸಿಕ್ಕರೆ ಉಗುಳುತ್ತಾಳೆ ಅಂತ ಮೊದಲೇ ಹೇಳಿದ್ದೇನೆ. ಆಮೇಲೆ ನನ್ನ ಮೇಲೆ ಹಾಕಬೇಡ.

ಅವಳು ಹೊರಟು ನಿಂತಿದ್ದಾಳೆ, ನನಗೆ ಮನೆ ಗುಡಿಸಬೇಕು ಅನ್ನಿಸುತ್ತಿಲ್ಲ. ಸುಮ್ಮನೆ ಬರೆದೆ.

ಪಕ್ಕೀರಮ್ಮ


ಸಿರುಗುಪ್ಪ
9-5-1974

ಅಕ್ಕಾ,

ಈ ಕಾಗದ ಓದಿ ನೀನು ಕುಣಿಯುತ್ತೀ ಅಂತ ಗೊತ್ತು. ಆದರೂ ಬೇರೆ ಯಾರಿಗೆ ಬರೆಯಲಿ?

ಎಲ್ಲಮ್ಮ ಬಂದು ವಾರವಾದರೂ ಬೆಕ್ಕಿನ ಹಾಗೆ ಮೂಲೆಯಲ್ಲೇ ಇದ್ದಳು. ತಮ್ಮನ ಜೊತೆ ಆಡಿದರೂ ನನ್ನ ಹತ್ತಿರ ಬರಲಿಲ್ಲ. ಮೊನ್ನೆ ಭಾನುವಾರ ಅತ್ತೆ ಭಜನೆಗೆ ಹೋದಳು. ಇವರು ಮಿಲ್ಲಿಗೆ ಹೋಗಿದ್ದರು. ನಾನು ಮಾಂಸ ತಂದು ಈಳಿಗೆಯಲ್ಲಿ ಕೊಯ್ದೆ. ಅದೇ ತುಂಡು, ಅದೇ ಎಳೆ. ನೀನು ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕೂತದ್ದು ಕಣ್ಣಿಗೆ ಕಟ್ಟಿತು. ಎದುರಿಗೆ ಅಡುಗೆಮನೆಯ ಒರಳು ಇತ್ತು. ನಮ್ಮತ್ತೆ ಚಟ್ನಿ ಕುಟ್ಟುವ, ಅವಳ ಅತ್ತೆಯ ಕಾಲದ ಒರಳು. ಒಂದು ಕ್ಷಣ ನಿಂತೆ. ಆಮೇಲೆ ಮಾಂಸ ಅದರೊಳಗೆ ಸುರಿದು ಕುಟ್ಟಿದೆ ಅಕ್ಕಾ. ರವೆಯಲ್ಲ, ಬೆಣ್ಣೆ ಆಗುವ ಹಾಗೆ ಕುಟ್ಟಿದೆ. ಎಲ್ಲಮ್ಮ ಬಾಗಿಲಿಗೊರಗಿ ನೋಡುತ್ತಿದ್ದಳು.

ಹಿತ್ತಲಲ್ಲಿ ಬೇಯಿಸಿ, ತಳ ಹಿಡಿಸಿ, ರೊಟ್ಟಿಯ ಮೇಲೆ ಹಾಕಿ ಕೊಟ್ಟೆ. ತಿಂದಳು. "ದೊಡ್ಡವ್ವ ಮಾಡಿದಂಗ ಐತೇನಬೇ?" ಅಂದೆ. "ಇಲ್ಲ" ಅಂದಳು. "ಮತ್ತ?" ಅಂದೆ. "ಇನ್ನಷ್ಟು ಹಾಕು" ಅಂದಳು. ಎರಡನೇ ರೊಟ್ಟಿ ಮುಗಿಸುವಾಗ ಮೈಯೊರಗಿಸಿ ನನ್ನ ತೊಡೆಗೆ ಆತುಕೊಂಡಳು. ಅಕ್ಕಾ, ನಾಲ್ಕು ವರ್ಷದ ಮೇಲೆ! ಇದೇ ಹೊತ್ತು ಅಂತ, "ನನ್ನ ಹತ್ರಾನ ಇದ್ದುಬಿಡ್ತಿಯೇನು?" ಅಂತ ಕೇಳಿದೆ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಒಳಗಿಂದ ಅತ್ತೆಯ ಕೂಗು.

ಭಜನೆ ಬೇಗ ಮುಗಿದಿತ್ತು. ಒರಳು ತೊಳೆಯುವುದನ್ನೇ ಮರೆತಿದ್ದೆ ನಾನು. "ನನ್ನ ಒರಳಾಗ ಜೀವ ಕುಟ್ಟೀಯೇನಬೇ! ಮಣಿ ಕಟ್ಟಿದ ಕೊರಳಿಗಿ ಇದ ಒರಳಿನ ಚಟ್ನಿ ಇಳಸಬೇಕೇನ ನಾ!" ಅಂತ ಎದೆ ಎದೆ ಬಡಿದುಕೊಂಡಳು. ಓಣಿಯೆಲ್ಲ ಬಂದು ನಿಂತಿತು. ಅತ್ತೆ ಅನ್ನ ಬಿಟ್ಟು ಕಟ್ಟೆಗೆ ಹೋಗಿ ಕೂತಳು. ಇವರು ಬಂದು, ಊರ ಮುಂದೆ ತಮ್ಮ ತಾಯಿಯನ್ನು ಉಪವಾಸ ಕೂರಿಸಿದೆ ಅಂತ ನನಗೆ ಅನ್ನಬಾರದ್ದನ್ನೆಲ್ಲ ಅಂದರು. ಹಾರೆ ಹಾಕಿ ಒರಳನ್ನು ಕಿತ್ತು ಹಿತ್ತಲಿಗೆ ಉರುಳಿಸಿದರು. ಬಾಯಿ ಬಿಟ್ಟರೆ ಅತ್ತುಬಿಡುತ್ತಿದ್ದೆ. ಹುಡುಗಿಯ ತಟ್ಟೆಯಲ್ಲಿ ಇನ್ನೂ ಇತ್ತು, ಅವಳ ಪಕ್ಕ ಕೂತು ಅದನ್ನು ಕೈತುತ್ತು ಮಾಡಿ ಉಣಿಸಿದೆ.

"ಈ ಹುಡುಗಿ ಬಂದ ಮ್ಯಾಲೆ ಇದೆಲ್ಲಾ ಆಗಿದ್ದು. ಅಕಿ ಬಳ್ಳಾರಿಗಿ ಹೋದ್ರ ನಾ ಉಣ್ತೀನಿ" ಅಂತ ಅತ್ತೆ ಪಟ್ಟು ಹಿಡಿದಿದ್ದಾಳೆ. ನಾಳೆ ಇವರೇ ಕರೆದುಕೊಂಡು ಬರುತ್ತಾರೆ.

ಅವಳ ಬಾಯಲ್ಲಿ ಏನು ಬರುತ್ತಿತ್ತೋ ನನಗೆ ಗೊತ್ತಾಗಲಿಲ್ಲ. ಗೆದ್ದೆ ಅಂತ ಬರೆಯಬೇಡ ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ.

ಉಚ್ಚೆಂಗೆಮ್ಮ


ಬಳ್ಳಾರಿ
5-6-1974

ತಂಗಿಗೆ ಆಶೀರ್ವಾದಗಳು.

ಗೆದ್ದೆ ಅಂತ ಬರೆಯುವುದಿಲ್ಲ. ಹುಡುಗಿ ಸುಖವಾಗಿದ್ದಾಳೆ ಅಂತ ಮಾತ್ರ ಬರೆಯುತ್ತೇನೆ. ನಾಲ್ಕನೇ ಕ್ಲಾಸಿಗೆ ಹೆಸರು ಹಚ್ಚಿಸಿದೆ. ಹೊಸ ಸ್ಲೇಟು, ಹೊಸ ಚೀಲ. ಬಂದ ದಿನವೇ ಖೀಮಾ ಮಾಡಿದೆ. ಉಂಡಳು.

ನೀನು ಮಾಡಿದ್ದು ತಪ್ಪು. ಹಿರಿಯರ ನೇಮ ಕೆಡಿಸಬಾರದು. ಹೊನ್ನೂರಮ್ಮನ ಜಾಗದಲ್ಲಿ ನಾನಿದ್ದರೆ ನಾನೂ ಬೈಯುತ್ತಿದ್ದೆ. ಹುಡುಗಿಯ ಮುಂದೆ ಇಂಥ ರಂಪ ಆಗಬಾರದಿತ್ತು ಅಂತ ನಿಮ್ಮ ಮಾವನೂ ಅಂದರು. ಇಲ್ಲಿ ಅವಳಿಗೆ ಅಂಥದ್ದೇನೂ ಇಲ್ಲ. ಇನ್ನು ಇದನ್ನು ಇಲ್ಲಿಗೆ ಬಿಡೋಣ.

ನಿನ್ನ ಅಕ್ಕ,
ಪಕ್ಕೀರಮ್ಮ


ಬಳ್ಳಾರಿ
16-7-1974

ಉಚ್ಚೆಂಗೀ,

ನೀನು ಉತ್ತರ ಬರೆಯಲಿಲ್ಲ. ಬರೆಯಬೇಕೂ ಇರಲಿಲ್ಲ.

ಇದನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ, ಈ ಸಲ ಹರಿಯುವುದಿಲ್ಲ. ಹೋದ ವಾರ ನಲ್ಲಿಯ ಹತ್ತಿರ ನೀರಿಗೆ ನಿಂತಿದ್ದೆ. ಎಲ್ಲಮ್ಮ ಓಣಿಯ ಹುಡುಗಿಯರನ್ನು ಗುಂಪು ಹಾಕಿಕೊಂಡು ಹೇಳುತ್ತಿದ್ದಳು: "ನಮ್ಮವ್ವ ನನ್ನ ಸಲುವಾಗಿ ಅಜ್ಜಿ ಒರಳಾಗ ಮಾಂಸ ಕುಟ್ಟಿದ್ಲು, ಗೊತ್ತೈತೇನು? ಅಜ್ಜಿ ಬೈದ್ಲು, ಅಪ್ಪ ಬೈದ, ಊರ ಮಂದಿ ಎಲ್ಲಾ ಬಂದು ನಿಂತಿದ್ರು. ನಮ್ಮವ್ವ ಹೆದರಲೇ ಇಲ್ಲ. ಕುಂತು ನಂಗ ಉಣಿಸಿದ್ಲು. ನಿಮ್ಮವ್ವಂದಿರು ಯಾರಾರ ಹಂಗ ಮಾಡ್ಯಾರೇನು?" ಹುಡುಗಿಯರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಕೊಡ ತುಂಬಿ ನೀರು ಹರಿದು ಹೋಗುತ್ತಿದ್ದರೂ ನಾನು ನಿಂತೇ ಇದ್ದೆ.

ಐದು ವರ್ಷವಾಗುತ್ತಾ ಬಂತು. ವಾರ ವಾರ ಖೀಮಾ ಮಾಡಿ ಹಾಕಿದೆ. ಕಟುಗನ ಹತ್ತಿರ ನಿಂತು, ಎಳೆ ಇಲ್ಲದ ಹಾಗೆ ಹೊಡೆಸಿ ತಂದೆ. ಒಂದು ದಿನವಾದರೂ ಅವಳು ಹೀಗೆ ಓಣಿಗೆ ಹೇಳಿದ್ದಿಲ್ಲ. ಯಾಕೆ ಹೇಳುತ್ತಾಳೆ? ನನಗೆ ಯಾರೂ ಬೈಯಲಿಲ್ಲವಲ್ಲ. ನಮ್ಮ ಒಲೆ ನಮ್ಮದೇ, ಅತ್ತೆ ಇಲ್ಲ, ನೇಮ ಇಲ್ಲ. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ ನಿಮ್ಮ ಮಾವನಿಗೆ, "ದುಡ್ಡೆಲ್ಲಾ ಖೀಮಾಕ್ಕ ಸುರೀತಿ ಅಂತ ನನಗೊಮ್ಮಿ ಬೈರಿ" ಅಂದೆ. "ಯಾಕಬೇ, ಹುಚ್ಚು ಹಿಡೀತೇನು? ಇನ್ನೊಂದು ರೊಟ್ಟಿ ಹಾಕು" ಅಂತ ನಕ್ಕರು. ನಾನು ಎದ್ದು ಹೋಗಿ ಬಚ್ಚಲಲ್ಲಿ ಅತ್ತುಬಿಟ್ಟೆ. ನಿನ್ನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ನೀನು ಎದುರಿಗಿದ್ದಿದ್ದರೆ ಜಡೆ ಹಿಡಿದು ಎಳೆಯುತ್ತಿದ್ದೆ.

ನಿನ್ನೆ ತಲೆಗೆ ಎಣ್ಣೆ ಹಾಕುವಾಗ ಅವಳೇ ಕೇಳಿದಳು. "ದೊಡ್ಡವ್ವಾ, ಅವ್ವಗ ಈಗೂ ಬೈತಾರೇನು?" ಗೊತ್ತಿಲ್ಲಬೇ ಅಂದೆ. "ಬೈಯಾಕ ಹತ್ತಿದ್ರ ಅಕಿ ಒಬ್ಬಾಕಿ ಆಗ್ತಾಳ. ನಾ ಅಲ್ಲೇ ಇರ್ತೀನಿ. ನನ್ನ ಅವ್ವನ ಹತ್ರ ಕಳಿಸು" ಅಂದಳು.

ಅವಳ ಬಾಯಲ್ಲೇ ಬಂತು. ಕೊಟ್ಟ ಮಾತಿನಂತೆ ನಾನು ತುಟಿ ಪಿಟಕ್ಕೆನ್ನಲಿಲ್ಲ. ಜಡೆ ಹೆಣೆದು ಮುಗಿಸಿದೆ.

ಬರುವ ಶನಿವಾರ ನಾನೇ ಕರೆದುಕೊಂಡು ಬರುತ್ತೇನೆ. ಸಾಲಿಯ ವರ್ಗಾವಣೆ ಪತ್ರವನ್ನು ನಿಮ್ಮ ಮಾವ ತರುತ್ತಾರೆ. ಉಣ್ಣಲು ನನ್ನನ್ನು ನಿಲ್ಲಿಸಿಕೊಳ್ಳಬೇಡ. ನೀನು ಅವಳಿಗೆ ಉಣಿಸುವುದನ್ನು ಕೂತು ನೋಡುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಅದೇ ಬಸ್ಸಿಗೆ ವಾಪಸಾಗುತ್ತೇನೆ.

ಆದರೆ ಒಂದು ಗಳಿಗೆ ನಿಮ್ಮ ಬಾಗಿಲಿಗೆ ಬರುತ್ತೇನೆ, ನಿಮ್ಮತ್ತೆ ಮನೆಯಲ್ಲಿರಲಿ. ಎಳೆ ಸಿಗದ ಹಾಗೆ ಮಾಡು ಅಂತ ತಂಗಿಗೆ ಬರೆದವಳು ನಾನು, ನಿಮ್ಮ ಒರಳು ಮೈಲಿಗೆಯಾದದ್ದು ನನ್ನಿಂದ, ಈ ಹುಡುಗಿಯಿಂದಲ್ಲ ಅಂತ ಹೊನ್ನೂರಮ್ಮನಿಗೆ ಹೇಳುತ್ತೇನೆ. ಹುಡುಗಿಯನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿರುತ್ತೇನೆ. ನಿಮ್ಮತ್ತೆ ನನಗೆ ಬೈಯಲಿ ಉಚ್ಚೆಂಗೀ. ಜೋರಾಗಿ ಬೈಯಲು ಹೇಳು.

ನಿನ್ನ ಅಕ್ಕ,
ಪಕ್ಕೀರಮ್ಮ